ಎಲ್‌ಇಡಿ ಎಂಬ ಹೆಸರೊಂದನ್ನೇ ನಂಬಿ ಟಿ.ವಿ. ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿಯಲ್ಲಿ ಮೂವತ್ತೈದು ವರ್ಷಗಳಿಂದ ಟಿ.ವಿ. ರಿಪೇರಿ ಮಾಡಿಕೊಂಡು ಬಂದವನು ನಾನು. ಕಪ್ಪುಬಿಳುಪು ಸೆಟ್ಟುಗಳ ಕಾಲದಲ್ಲಿ ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸಿದ್ದೇನೆ, ಪಿಕ್ಚರ್ ಟ್ಯೂಬ್ ಹೊತ್ತು ಗದ್ದೆಯಂಚಿನಲ್ಲಿ ನಡೆದಿದ್ದೇನೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಕಳೆದ ತಿಂಗಳು ಕಂಡ ಒಂದು ಸಂಗತಿ ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ.

ನನಗೆ ಏಳನೇ ತರಗತಿಯಲ್ಲಿ ಗಣಿತ ಕಲಿಸಿದ ಮೇಷ್ಟ್ರು ಫೋನ್ ಮಾಡಿ, ‘ಟಿ.ವಿ.ಯಲ್ಲಿ ಮಾತು ಕೇಳುತ್ತದೆ, ಚಿತ್ರ ಇಲ್ಲ. ಒಮ್ಮೆ ಬಂದು ಹೋಗು ಮಾರಾಯ’ ಎಂದರು. ಹೋದೆ. ಕಿಟಕಿ ಮುಚ್ಚಿಸಿ, ದೀಪ ಆರಿಸಿ, ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದೆ. ವಾರ್ತೆ ಓದುವ ಹೆಣ್ಣುಮಗಳ ಮುಖ ಬೂದಿಬಣ್ಣದಲ್ಲಿ ಮಸುಕಾಗಿ ಕಂಡಿತು. ಮೇಷ್ಟ್ರು ಬಗ್ಗಿ ನೋಡಿ, ‘ಚಿತ್ರ ಇದೆಯಲ್ಲೋ!’ ಎಂದರು. ಚಿತ್ರ ಇತ್ತು. ಅದಕ್ಕೆ ಹಿಂದಿನಿಂದ ಬೆಳಕು ಕೊಡುವ ದೀಪಗಳು ಸತ್ತಿದ್ದವು.

ಮಂಚದ ಮೇಲೆ ಕಂಬಳಿ ಹಾಸಿ, ಸೆಟ್ಟನ್ನು ಮುಖ ಕೆಳಗೆ ಮಾಡಿ ಮಲಗಿಸಿ ಬಿಚ್ಚಿದೆವು. ಗಾಜಿನ ಪ್ಯಾನೆಲ್ಲನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಹಿಂದಿನ ಬಿಳಿ ಹಾಳೆಗಳನ್ನು ಒಂದೊಂದಾಗಿ ತೆಗೆದರೆ ಬುಡದಲ್ಲಿ ಉದ್ದುದ್ದ ಪಟ್ಟಿಗಳು, ಪಟ್ಟಿಯ ಮೇಲೆ ಸಾಲಾಗಿ ಮೆಣಸಿನಕಾಳಿನಷ್ಟು ದೀಪಗಳು. ಅವುಗಳಲ್ಲಿ ಒಂದು ಕಪ್ಪಗೆ ಸುಟ್ಟಿತ್ತು. ಮದುವೆ ಮನೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಸಾಲಿಗೆ ಸಾಲೇ ಆರುತ್ತದಲ್ಲ, ಇಲ್ಲಿಯೂ ಹಾಗೆಯೇ. ಕೊಂಡು ಹದಿನಾಲ್ಕು ತಿಂಗಳಾಗಿತ್ತು, ವಾರಂಟಿ ಇದ್ದದ್ದು ಹನ್ನೆರಡು ತಿಂಗಳಿಗೆ. ಕಂಪನಿಯ ಸರ್ವಿಸ್‌ನವರು, ‘ಪಟ್ಟಿ ಬಿಡಿಯಾಗಿ ಸಿಗುವುದಿಲ್ಲ, ಪ್ಯಾನೆಲ್ ಸಮೇತ ಬದಲಿಸಬೇಕು’ ಎಂದು ಸೆಟ್ಟಿನ ಬೆಲೆಯ ಮುಕ್ಕಾಲು ಭಾಗ ಕೇಳಿದ್ದರು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅದೇ ಅಳತೆಯ, ಅದೇ ವೋಲ್ಟೇಜಿನ ಪಟ್ಟಿ ತರಿಸಿ ಕೂರಿಸಿದೆ. ಈಗ ಓಡುತ್ತಿದೆ.

ನನಗೆ ಬೇಸರವಾದದ್ದು ಇದಕ್ಕಲ್ಲ. ಈ ಸೆಟ್ಟಿಗಾಗಿ ಮೇಷ್ಟ್ರು ತಮ್ಮ ಹಳೆಯ 32 ಇಂಚಿನ ಎಲ್‌ಸಿಡಿಯನ್ನು ಪುಡಿಗಾಸಿಗೆ ಎಕ್ಸ್‌ಚೇಂಜಿಗೆ ಕೊಟ್ಟಿದ್ದರು. ಆ ಹಳೆಯ ಸೆಟ್ಟು ಆನ್ ಆಗಲು ತಡಮಾಡುತ್ತಿತ್ತಂತೆ. ಅವರು ಹೇಳಿದ್ದನ್ನು ಕೇಳಿದರೆ ಪವರ್ ಬೋರ್ಡಿನಲ್ಲಿ ಉಬ್ಬಿದ ಒಂದೆರಡು ಕೆಪಾಸಿಟರುಗಳ ಕೆಲಸವೇ ಸರಿ, ಅದಕ್ಕೆ ಅರ್ಧ ಗಂಟೆ ಸಾಕು. ಅಂಗಡಿಯ ಹುಡುಗ, ‘ಸರ್, ಅದು ಎಲ್‌ಸಿಡಿ, ಇದು ಎಲ್‌ಇಡಿ. ತಂತ್ರಜ್ಞಾನವೇ ಬೇರೆ’ ಎಂದನಂತೆ. ಜೀವನವಿಡೀ ಮಕ್ಕಳಿಗೆ ಲೆಕ್ಕ ತಿದ್ದಿದವರು ಆ ಮಾತನ್ನು ನಂಬಿಬಿಟ್ಟರು.

ತಂತ್ರಜ್ಞಾನ ಬೇರೆ ಅಲ್ಲ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿದೆ. ಅಂಗಡಿಯಲ್ಲಿ ಎಲ್‌ಇಡಿ ಟಿ.ವಿ. ಎಂದು ಮಾರುವುದೆಲ್ಲ ಎಲ್‌ಸಿಡಿಯೇ. ಚಿತ್ರ ಮೂಡಿಸುವುದು ದ್ರವಸ್ಫಟಿಕದ ಪರದೆ, ಅದಕ್ಕೆ ಸ್ವಂತ ಬೆಳಕಿಲ್ಲ. ಮೊದಲು ಅದರ ಹಿಂದೆ ಪಾದರಸವಿದ್ದ ಸಣ್ಣ ಟ್ಯೂಬ್‌ಲೈಟುಗಳಿದ್ದವು, ಆ ಜಾಗಕ್ಕೆ ಎಲ್‌ಇಡಿ ದೀಪ ಬಂತು. ಸೆಟ್ಟು ತೆಳುವಾಯಿತು, ಕರೆಂಟು ಕಡಿಮೆಯಾಯಿತು, ಅದು ಒಳ್ಳೆಯದೇ. ಕ್ಯೂಎಲ್‌ಇಡಿ ಎಂಬುದೂ ಇದೇ ಮನೆತನದ್ದು: ನೀಲಿ ದೀಪದ ಮುಂದೆ ಕ್ವಾಂಟಮ್ ಡಾಟ್ ಎಂಬ, ಬೆಳಕಿನ ಬಣ್ಣ ಬದಲಿಸುವ ಅತಿ ಸಣ್ಣ ಕಣಗಳ ಪದರ ಇರುತ್ತದೆ, ಕೆಂಪು ಹಸಿರು ಶುದ್ಧವಾಗಿ ಬರುತ್ತವೆ. ಮಿನಿ ಎಲ್‌ಇಡಿಯಲ್ಲಿ ದೀಪಗಳು ಇನ್ನೂ ಸಣ್ಣ, ಸಂಖ್ಯೆ ಹೆಚ್ಚು. ಗುಂಪುಗುಂಪಾಗಿ ಮಂಕಾಗಿಸಬಹುದಾದ್ದರಿಂದ ಕಪ್ಪು ಹೆಚ್ಚು ಕಪ್ಪಾಗಿ ಕಾಣುತ್ತದೆ.

ನಿಜವಾಗಿ ಬೇರೆಯಾದದ್ದು ಓಎಲ್‌ಇಡಿ. ಅಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಕಪ್ಪು ಬೇಕಾದಲ್ಲಿ ಚುಕ್ಕಿ ಪೂರ್ತಿ ಆರುತ್ತದೆ, ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಹಿಂದೆ ಬರುತ್ತಿದ್ದ ಪ್ಲಾಸ್ಮಾ ಎಂಬ ದೊಡ್ಡ ಪರದೆಯ ಸೆಟ್ಟುಗಳಿಗೂ ಸ್ವಂತ ಬೆಳಕಿತ್ತು, ಆದರೆ ಕರೆಂಟು ಬಹಳ ತಿನ್ನುತ್ತಿತ್ತು. ಪ್ಯಾನಾಸೋನಿಕ್, ಸ್ಯಾಮ್‌ಸಂಗ್, ಎಲ್‌ಜಿ ಮೂವರೂ 2014ರ ಹೊತ್ತಿಗೆ ಅದನ್ನು ಕೈಬಿಟ್ಟರು. ಕೊಪ್ಪದ ಬಳಿ ಒಂದು ತೋಟದ ಮನೆಯಲ್ಲಿ ಇಂದಿಗೂ ಒಂದು ಪ್ಲಾಸ್ಮಾ ಓಡುತ್ತಿದೆ. ಎತ್ತಲು ಇಬ್ಬರು ಬೇಕು, ಚಿತ್ರ ಮಾತ್ರ ಈಗಲೂ ಚೆಂದ.

ಹಾಗಾದರೆ ಓಎಲ್‌ಇಡಿ ತರಲೇ ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು, ‘ಮನೆಯಲ್ಲಿ ಹಗಲಿಡೀ ವಾರ್ತಾ ವಾಹಿನಿ ಹಾಕುತ್ತೀರಾ?’ ಎಂದು. ಕೆಳಗೆ ಓಡುವ ಕೆಂಪು ಪಟ್ಟಿ, ಮೂಲೆಯಲ್ಲಿ ಅಲುಗದ ಲಾಂಛನ ತಿಂಗಳುಗಟ್ಟಲೆ ಒಂದೇ ಜಾಗದಲ್ಲಿದ್ದರೆ ಆ ಚುಕ್ಕಿಗಳು ಸವೆದು ಕಲೆ ಉಳಿಯಬಹುದು. ಉಳಿದರೆ ಅದಕ್ಕೆ ಮದ್ದಿಲ್ಲ. ರಾತ್ರಿ ಹೊತ್ತು ಸಿನಿಮಾ ನೋಡುವವರಿಗೆ, ಕತ್ತಲೆ ಮಾಡಿಕೊಳ್ಳಬಹುದಾದ ಕೋಣೆ ಇರುವವರಿಗೆ, ಹಣವಿದ್ದರೆ, ಅದಕ್ಕಿಂತ ಒಳ್ಳೆಯದಿಲ್ಲ. ಹೆಬ್ಬಾಗಿಲು ತೆರೆದೇ ಇರುವ, ಅಂಗಳದ ಬಿಸಿಲು ನೇರ ಪರದೆಗೆ ಬೀಳುವ ಮನೆಗೆ ಪ್ರಖರ ದೀಪದ ಎಲ್‌ಸಿಡಿಯೇ ಸಾಕು.

ಎಲ್‌ಸಿಡಿಯಲ್ಲಿಯೂ ಎರಡು ಜಾತಿಯಿದೆ, ಅದನ್ನು ಯಾರೂ ಹೇಳುವುದಿಲ್ಲ. ವಿಎ ಪ್ಯಾನೆಲ್ಲಿನಲ್ಲಿ ಕಪ್ಪು ಚೆನ್ನ, ಆದರೆ ಬದಿಯಿಂದ ನೋಡಿದರೆ ಬಣ್ಣ ಮಾಸುತ್ತದೆ. ಐಪಿಎಸ್ ಪ್ಯಾನೆಲ್ಲಿನಲ್ಲಿ ಬದಿಯಿಂದಲೂ ಚಿತ್ರ ಸರಿ, ಕಪ್ಪು ಸ್ವಲ್ಪ ಬೂದಿ. ನಮ್ಮ ಕಡೆಯ ಮನೆಗಳಲ್ಲಿ ಎಲ್ಲರೂ ಟಿ.ವಿ. ಎದುರಿಗೆ ಕೂರುವುದಿಲ್ಲ. ಅಜ್ಜಿ ಬಾಗಿಲ ಬಳಿಯ ಕುರ್ಚಿಯಲ್ಲಿ, ಅಡಿಕೆ ಸುಲಿಯುವವರು ಮೂಲೆಯಲ್ಲಿ, ಮಕ್ಕಳು ನೆಲದ ಮೇಲೆ. ಅಂಥ ಮನೆಗೆ ನಾನು ಐಪಿಎಸ್ ಎನ್ನುತ್ತೇನೆ. ಪೆಟ್ಟಿಗೆಯ ಮೇಲೆ ಬರೆದಿಲ್ಲದಿದ್ದರೆ ಅಂಗಡಿಯಲ್ಲಿ ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದು ನಿಂತು ನೋಡಿ, ಮುಖಗಳು ಬಿಳುಚಿಕೊಂಡರೆ ಗೊತ್ತಾಗುತ್ತದೆ.

ಅಂಗಡಿಯ ಗೋಡೆಯಲ್ಲಿ ಹೊಳೆಯುವ ಗಿಳಿ, ಹೂವು, ಜಲಪಾತ ನೋಡಿ ತೀರ್ಮಾನಿಸಬೇಡಿ. ಅವು ಆ ಪರದೆಗೆಂದೇ ತೆಗೆದ ಚಿತ್ರಗಳು, ಸೆಟ್ಟೂ ಅಂಗಡಿಯ ಸೆಟ್ಟಿಂಗಿನಲ್ಲಿ ಬೆಳಕನ್ನು ತುದಿಗೇರಿಸಿಕೊಂಡಿರುತ್ತದೆ. ಪೆನ್ ಡ್ರೈವ್‌ನಲ್ಲಿ ಒಂದು ರಾತ್ರಿಯ ಯಕ್ಷಗಾನದ ವಿಡಿಯೊ ಹಾಕಿಕೊಂಡು ಹೋಗಿ, ‘ಹೋಮ್ ಮೋಡ್‌ಗೆ ತಂದು ಇದನ್ನು ಹಾಕಿ’ ಎಂದು ಕೇಳಿ. ರಂಗದ ಹಿಂದಿನ ಕತ್ತಲೆ ಕತ್ತಲೆಯಾಗಿಯೇ ಇದೆಯೇ, ಕಿರೀಟದ ಚಿನ್ನದ ಬಣ್ಣ ಹಳದಿಯ ಗುಡ್ಡೆಯಾಗಿದೆಯೇ, ವೇಷ ಗಿರಕಿ ಹೊಡೆಯುವಾಗ ಅಂಚು ಕಲಸುತ್ತದೆಯೇ, ಭಾಗವತರ ಪದ ಸ್ಪಷ್ಟವಾಗಿ ಕೇಳುತ್ತದೆಯೇ, ಎಲ್ಲವೂ ಐದು ನಿಮಿಷದಲ್ಲಿ ತಿಳಿಯುತ್ತದೆ. ತೆಳ್ಳನೆಯ ಸೆಟ್ಟುಗಳಲ್ಲಿ ಸ್ಪೀಕರ್ ಸಣ್ಣದು, ಹಲವುದರಲ್ಲಿ ಅದು ಕೆಳಮುಖ. ಕಿವಿ ಮಂದವಾದ ಹಿರಿಯರಿರುವ ಮನೆಯವರು ಚಿತ್ರಕ್ಕಿಂತ ಮೊದಲು ಧ್ವನಿ ಪರೀಕ್ಷಿಸಬೇಕು.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲೆ ನಮ್ಮ ಊರಿನಲ್ಲೂ ಜನ 43, 55 ಇಂಚಿನ ಕಡೆ ವಾಲಿದ್ದಾರೆ. ತಪ್ಪೇನಿಲ್ಲ. 43 ಇಂಚಿನ ಪರದೆಯ ವಿಸ್ತೀರ್ಣ 32ರದ್ದಕ್ಕಿಂತ ಸುಮಾರು 1.8 ಪಟ್ಟು. ಆದರೆ 4ಕೆ ಎಂಬುದಕ್ಕೆ ಹೆಚ್ಚು ಹಣ ಕೊಡುವ ಮೊದಲು ಕೂರುವ ಜಾಗದಿಂದ ಗೋಡೆಗೆ ಎಷ್ಟು ಅಡಿ ಎಂದು ಅಳೆಯಿರಿ. ಫುಲ್ ಎಚ್‌ಡಿಯಲ್ಲಿ ಚುಕ್ಕಿಗಳು ಸುಮಾರು 21 ಲಕ್ಷ, 4ಕೆಯಲ್ಲಿ 83 ಲಕ್ಷ. 43 ಇಂಚಿನ ಸೆಟ್ಟನ್ನು ಹತ್ತು ಅಡಿ ದೂರದಿಂದ ನೋಡಿದರೆ ಆ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ. ಡಿಶ್ಶಿನ ಸಾಧಾರಣ ವಾಹಿನಿಯನ್ನು 4ಕೆ ಪರದೆಯಲ್ಲಿ ನೋಡಿದರೂ ಚಿತ್ರ ಅಷ್ಟೇ. ಸ್ಮಾರ್ಟ್ ಸೌಲಭ್ಯಗಳಿಗೂ ಹೆಚ್ಚು ಸುರಿಯಬೇಡಿ, ಪ್ಯಾನೆಲ್ ಚೆನ್ನಾಗಿರುವಾಗಲೇ ಆ್ಯಪುಗಳು ಹಳತಾಗುತ್ತವೆ. ಆಗ ಆ್ಯಪುಗಳನ್ನು ಓಡಿಸುವ ಒಂದು ಸಣ್ಣ ಸ್ಟಿಕ್ಕನ್ನು ಟಿ.ವಿ.ಗೆ ಸಿಕ್ಕಿಸಿದರೆ ಮುಗಿಯಿತು.

ಕೊಂಡ ಮೇಲಿನ ಎರಡು ಮಾತನ್ನು ಹೇಳದೆ ಇರಲಾರೆ. ನನ್ನ ಮೇಜಿಗೆ ಬರುವ ಸೆಟ್ಟುಗಳಲ್ಲಿ ಎಷ್ಟೋ ಸಾಯುವುದು ಹಬ್ಬದ ಹಿಂದಿನ ದಿನ. ಒದ್ದೆ ಬಟ್ಟೆಯಲ್ಲಿ ಪರದೆ ಒರೆಸುತ್ತಾರೆ, ನೀರು ಜಾರಿ ಕೆಳ ಅಂಚಿಗೆ ಇಳಿಯುತ್ತದೆ. ಅಲ್ಲಿ ಗಾಜಿಗೆ ಅಂಟಿಸಿದ ಕೂದಲೆಳೆಯಂಥ ಸಂಪರ್ಕಗಳು ನೀರು ತಾಗಿ ಕೆಟ್ಟರೆ ಪರದೆ ತುಂಬ ಗೆರೆ. ಒಣ ಮೆತ್ತನೆಯ ಬಟ್ಟೆ ಸಾಕು. ಇನ್ನೊಂದು ಸಿಡಿಲು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದೊಡನೆ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ಗನ್ನೂ ಕಿತ್ತು, ಡಿಶ್ಶಿನ ವೈರನ್ನೂ ಬಿಚ್ಚಿಡಿ. ಡಿಶ್ಶಿನಿಂದ ಬಂದ ಸಿಡಿಲು ಸೆಟ್ ಟಾಪ್ ಬಾಕ್ಸನ್ನು ದಾಟಿ, ಎಚ್‌ಡಿಎಂಐ ವೈರಿನಲ್ಲಿ ಹರಿದು ಮೇನ್ ಬೋರ್ಡನ್ನು ಸುಟ್ಟದ್ದನ್ನು ಪ್ರತಿ ವರ್ಷ ನೋಡುತ್ತೇನೆ. ಮೆನುವಿನಲ್ಲಿ ಬ್ಯಾಕ್‌ಲೈಟ್, ಅಂದರೆ ಹಿಂದಿನ ದೀಪಗಳ ಬೆಳಕು, 100ರಲ್ಲಿದ್ದರೆ 60, 70ಕ್ಕೆ ಇಳಿಸಿ. ದೀಪದ ಪಟ್ಟಿ ಬಿಸಿಯಾಗುವುದು ಕಡಿಮೆಯಾಗಿ ಹೆಚ್ಚು ಕಾಲ ಬಾಳುತ್ತದೆ. ಮೇಷ್ಟ್ರ ಸೆಟ್ಟು ಹದಿನಾಲ್ಕು ತಿಂಗಳೂ 100ರಲ್ಲೇ ಇತ್ತು, ಇಳಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸಂಪಾದಕರೇ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆದಿದೆ. ಹಕ್ಕು ಎಂದ ಮೇಲೆ ಬಿಡಿಭಾಗವೂ ಸಿಗಬೇಕಲ್ಲವೇ? ಒಂದು ದೀಪದ ಪಟ್ಟಿಗಾಗಿ ಇಡೀ ಪ್ಯಾನೆಲ್ ಎಸೆಯಿರಿ ಎನ್ನುವುದು ಪಿಂಚಣಿಯಲ್ಲಿ ಬದುಕುವವರಿಗೆ ಮಾಡುವ ಅನ್ಯಾಯ. ಯುಗಾದಿ, ದೀಪಾವಳಿಗೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಟಿ.ವಿ. ಜಾಹೀರಾತು ಬರುತ್ತದೆ. ಪ್ಯಾನೆಲ್ ಯಾವ ಜಾತಿಯದು, ಪ್ಯಾನೆಲ್ಲಿಗೆ ವಾರಂಟಿ ಎಷ್ಟು, ಬ್ಯಾಕ್‌ಲೈಟ್ ಪಟ್ಟಿ ಎಷ್ಟು ವರ್ಷ ಸಿಗುತ್ತದೆ ಎಂಬ ಮೂರು ಸಾಲುಗಳನ್ನು ಬೆಲೆಯ ಪಕ್ಕದಲ್ಲೇ ಕನ್ನಡದಲ್ಲಿ, ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಹಾಕುವಂತೆ ಕಂಪನಿಗಳನ್ನು, ಅಂಗಡಿಯವರನ್ನು ತಾವು ಕೇಳಬೇಕೆಂದು ವಿನಂತಿ. ಇಲಾಖೆಯವರೂ ಅದನ್ನು ಕಡ್ಡಾಯ ಮಾಡಲಿ.

ಇತಿ,
ಒಬ್ಬ ಟಿ.ವಿ. ಮೆಕ್ಯಾನಿಕ್,
ತೀರ್ಥಹಳ್ಳಿ