ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಕೂಟಕ್ಕೂ ಸಿದ್ಧತೆ ಬೇಕು

ಸಂಪಾದಕರಿಗೆ,

ಮಾನ್ಯರೇ,

ಗೆಳೆಯರೂ ನೆರೆಹೊರೆಯವರೂ ತಮ್ಮ ತಮ್ಮ ಮನೆಯಲ್ಲಿ ಒಂದೊಂದು ಅಡುಗೆ ಮಾಡಿ ತಂದು, ಒಟ್ಟಿಗೆ ಕುಳಿತು ಉಣ್ಣುವ ಪಾಟ್‌ಲಕ್ ಕೂಟಗಳು ಮೈಸೂರಿನ ಬಡಾವಣೆಗಳಲ್ಲಿ ಈಗ ಆಗಾಗ ನಡೆಯುತ್ತಿವೆ. ಹುಣ್ಣಿಮೆಯ ರಾತ್ರಿ ತಾರಸಿಯ ಮೇಲೆ ಸೇರಿ ಒಬ್ಬರ ಮನೆಯ ಪುಳಿಯೋಗರೆಯನ್ನೂ ಇನ್ನೊಬ್ಬರ ಮನೆಯ ಮೊಸರನ್ನವನ್ನೂ ಹಂಚಿಕೊಳ್ಳುವ ಬೆಳದಿಂಗಳ ಊಟವನ್ನು ಬಲ್ಲವರಿಗೆ ಇದು ಅಪರಿಚಿತವೇನಲ್ಲ. ಹೋಟೆಲಿನ ಖರ್ಚಿಗೆ ಅಂಜಿ ಸ್ನೇಹಿತರನ್ನು ಕರೆಯುವುದನ್ನೇ ನಿಲ್ಲಿಸಿದವರಿಗೂ, ಹತ್ತು ಜನರ ಅಡುಗೆಯನ್ನು ಒಬ್ಬರೇ ನಿಭಾಯಿಸಲಾಗದ ಹಿರಿಯರಿಗೂ ಇದು ಒಳ್ಳೆಯ ದಾರಿ ಎಂದು ನಾನು ಬಲವಾಗಿ ನಂಬಿದ್ದೇನೆ. ಆದರೆ ‘ಏನಾದರೂ ತನ್ನಿ’ ಎಂದಷ್ಟೇ ಹೇಳಿ ಕರೆದರೆ ಕೂಟ ಕಳೆಗಟ್ಟುವುದಿಲ್ಲ. ಕರೆದವರ ಮುಖ್ಯ ಕೆಲಸ ಅಡುಗೆಯಲ್ಲ, ಹಂಚಿಕೆ.

ಯಾರು ಏನು ತರಬೇಕೆಂದು ಮೊದಲೇ ಗೊತ್ತುಮಾಡದಿದ್ದಾಗ ಎಲ್ಲರೂ ಸುಲಭವಾದದ್ದನ್ನೇ ಆರಿಸಿಕೊಳ್ಳುತ್ತಾರೆ. ನಾಲ್ಕು ಡಬ್ಬಿ ತೆರೆದರೆ ನಾಲ್ಕರಲ್ಲೂ ಚಿತ್ರಾನ್ನವಿದ್ದು, ಪಲ್ಯವಾಗಲಿ ಮೊಸರಾಗಲಿ ಕಾಣುವುದಿಲ್ಲ. ಒಂದು ವಾರ ಮುಂಚಿತವಾಗಿ, ಅನ್ನದ ಬಗೆ ಇವರದು, ಗೊಜ್ಜು ಅವರದು, ಪಲ್ಯ ಮತ್ತು ಕೋಸಂಬರಿ ಮತ್ತೊಬ್ಬರದು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಎಲ್ಲರಿಗೂ ತಿಳಿಸಿದರೆ ಈ ತೊಡಕು ಇರುವುದಿಲ್ಲ. ಪ್ರಮಾಣವನ್ನೂ ಆಗಲೇ ಹೇಳಬೇಕು. ಒಂದು ಪಾವು ಅಕ್ಕಿಯ ಅನ್ನ ಇಬ್ಬರು ದೊಡ್ಡವರಿಗೆ ಸಾಕೆಂಬುದು ನಮ್ಮ ಕಡೆಯ ಮನೆಗಳ ಅಂದಾಜು. ಆ ಲೆಕ್ಕದಲ್ಲಿ 12 ಜನರ ಕೂಟಕ್ಕೆ ಎಲ್ಲ ಬಗೆಯ ಅನ್ನಗಳೂ ಸೇರಿ 6 ಪಾವು ಮೀರಬೇಕಾಗಿಲ್ಲ. ಮೂವರು ತಲಾ 2 ಪಾವಿನಷ್ಟು ಮಾಡಿ ತಂದರೆ ಮುಗಿಯಿತು. ಪ್ರತಿಯೊಬ್ಬರೂ ತಮ್ಮದೊಂದರಿಂದಲೇ ಎಲ್ಲರ ಹೊಟ್ಟೆ ತುಂಬಬೇಕೆಂದುಕೊಂಡು ಕುಕ್ಕರ್ ತುಂಬಿ ತರುವುದರಿಂದಲೇ ಇಂಥ ಕಡೆ ಅನ್ನ ಅಷ್ಟೊಂದು ಹಾಳಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಹೊತ್ತಿನ ವಿಚಾರ. ಬೆಳಿಗ್ಗೆ ಏಳಕ್ಕೆ ಮಾಡಿದ ಅಡುಗೆಯನ್ನು ಮಧ್ಯಾಹ್ನ ಎರಡಕ್ಕೆ ಉಣ್ಣುವುದು ಇಂಥ ಕೂಟಗಳಲ್ಲಿ ಸಾಮಾನ್ಯ. 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖದಲ್ಲಿ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ; ಆದ್ದರಿಂದ ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹಾಗೆಯೇ ಹೊರಗಿಡಬಾರದು, ಏಪ್ರಿಲ್‌ನಲ್ಲಿ ನಮ್ಮೂರಿನಲ್ಲೂ ಆಗುವಂತೆ ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ಗಂಟೆ ಎನ್ನುತ್ತಾರೆ ತಜ್ಞರು. ಅನ್ನದ ವಿಷಯದಲ್ಲಂತೂ ಉದಾಸೀನ ಸಲ್ಲದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಉಳಿಯಬಲ್ಲವು. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಇದ್ದರೆ ಅವು ಬೆಳೆದು ವಾಂತಿ ತರಿಸುವ ವಿಷವನ್ನು ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬಿಸಿಬೇಳೆಬಾತನ್ನು ಹೊರಡುವ ಹೊತ್ತಿಗೆ ಸರಿಯಾಗಿ ಇಳಿಸಿ, ಗಟ್ಟಿಯಾಗುವುದರಿಂದ ಕೊಂಚ ನೀರಾಗಿಯೇ ಮಾಡಿ, ಹಾಟ್‌ಬಾಕ್ಸಿನಲ್ಲಿ ಹೊಗೆಯಾಡುತ್ತಿರುವಾಗಲೇ ಮುಚ್ಚಿ ತರುವುದು ಕ್ಷೇಮ. ದೂರದಿಂದ ಬರುವವರಿಗೆ ಪುಳಿಯೋಗರೆಯನ್ನು ಒಪ್ಪಿಸಬಹುದು. ಗೊಜ್ಜನ್ನು ಬೇರೆಯಾಗಿ ತಂದು, ಕರೆದವರ ಮನೆಯಲ್ಲೇ ಬಿಸಿ ಅನ್ನ ಮಾಡಿಸಿ ಕಲಸಿದರೆ ಇನ್ನೂ ಒಳ್ಳೆಯದು. ಹಸಿ ತೆಂಗಿನಕಾಯಿಯ ಚಟ್ನಿ ಬೇಗ ಹಳಸುವುದರಿಂದ ಅದನ್ನು ಅಲ್ಲಿಯೇ ರುಬ್ಬಬೇಕು. ಕೋಸಂಬರಿಗೆ ಉಪ್ಪು, ನಿಂಬೆರಸಗಳನ್ನು ಬಡಿಸುವ ಮುನ್ನ ಬೆರೆಸಬೇಕು, ಇಲ್ಲವಾದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ. ಕರಿದ ತಿಂಡಿ ತರುವವರಿಗೆ, ಹಿಂದಿನಿಂದಲೂ ರೈಲು ಪ್ರಯಾಣಿಕರು ಕೊಂಡು ತಿನ್ನುತ್ತ ಬಂದಿರುವ ಮದ್ದೂರು ವಡೆ ಉದ್ದಿನ ವಡೆಗಿಂತ ಒಗ್ಗುತ್ತದೆ. ಆರಿದರೂ ಅದು ಮೆತ್ತಗಾಗುವುದಿಲ್ಲ.

ಇನ್ನೊಂದು ಮಾತನ್ನು ಹೇಳಲೇಬೇಕು. ದಂಪತಿಗಳು ಸೇರುವ ಕೂಟಗಳಲ್ಲಿ ‘ಎಲ್ಲರೂ ತರೋಣ’ ಎಂಬುದು ಕೊನೆಗೆ ‘ಹೆಂಗಸರು ಮಾಡಿ ತರಲಿ’ ಎಂದಾಗುವುದನ್ನು ನಾನು ಒಪ್ಪಲಾರೆ. ಹಂಚಿಕೆಯ ಪಟ್ಟಿಯಲ್ಲಿ ಗಂಡಸರ ಹೆಸರೂ ಇರಲಿ. ಒಲೆಯ ಮುಂದೆ ನಿಂತು ಅಭ್ಯಾಸವಿಲ್ಲದವರು ದೇವರಾಜ ಮಾರುಕಟ್ಟೆಯಿಂದ ಬಾಳೆ ಎಲೆ, ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆ ತರಬಹುದು. ಒಂದು ಗಂಟೆ ಮುಂಚೆ ಬಂದು ಎಲೆ ಹಾಕಿ, ಆಮೇಲೆ ಪಾತ್ರೆ ತೊಳೆದು ಹೋಗಬಹುದು. ಪಿ.ಜಿ.ಗಳಲ್ಲಿ ಇರುವ ವಿದ್ಯಾರ್ಥಿಗಳನ್ನೂ ಹೀಗೆಯೇ ಸೇರಿಸಿಕೊಳ್ಳಬೇಕು.

ಪ್ರತಿ ಪಾತ್ರೆಯ ಮುಂದೆ ಒಂದು ಚೀಟಿ ಇರಲಿ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು, ಸಕ್ಕರೆ ಕಾಯಿಲೆಯವರು, ಕಡಲೆಕಾಯಿ ತಿಂದರೆ ಮೈಯೆಲ್ಲ ಗಂಧೆಯೇಳುವವರು ಪ್ರತಿಯೊಂದನ್ನೂ ಕೇಳಿ ಕೇಳಿ ಮುಜುಗರಪಡುವುದು ಅದರಿಂದ ತಪ್ಪುತ್ತದೆ. ಅಂಗಡಿಯ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆತಿರುವುದರಿಂದ, ಗೋಧಿ ಒಗ್ಗದವರಿಗಾಗಿ ಅದನ್ನೂ ಬರೆಯಬೇಕು. ನಾಟಿಕೋಳಿ ಸಾರು ತರುವವರಿದ್ದರೆ ಅದಕ್ಕೆ ಬೇರೆ ಮೇಜು, ಬೇರೆ ಸೌಟು ಇಟ್ಟರಾಯಿತು. ಅದನ್ನು ತರಬೇಡಿರೆಂದು ಹೇಳಬೇಕಾಗಿಲ್ಲ. ಆದರೆ ಯಾರ ಮನೆಯ ಅಡುಗೆ ಎಂಬುದನ್ನು ನೋಡಿ ಕೈ ಹಿಂತೆಗೆಯುವವರು ಇದ್ದರೆ, ಅಂಥವರಿಗಾಗಿ ಕೂಟದ ರೀತಿಯನ್ನು ಬದಲಾಯಿಸಕೂಡದು.

2022ರ ಜುಲೈ 1ರಿಂದ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು ದೇಶದಾದ್ಯಂತ ನಿಷಿದ್ಧವಾಗಿವೆ. 2016ರಲ್ಲಿ ದೇಶದ ಸ್ವಚ್ಛ ನಗರಗಳ ಸಮೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ ಊರಿನಲ್ಲಿ ಬಾಳೆ ಎಲೆ, ಮುತ್ತುಗದ ಎಲೆ ಇಲ್ಲವೇ ಮನೆಯ ಸ್ಟೀಲ್ ತಟ್ಟೆ ಬಳಸುವುದು ಕಷ್ಟವಾಗಬಾರದು. ಪಾತ್ರೆಯ ಮೇಲೆ ಹೆಸರು ಕೊರೆಸುವ ರೂಢಿ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಯಾರ ಡಬ್ಬಿ ಯಾರ ಮನೆಗೆ ಸೇರಬೇಕೆಂಬುದು ಇಂಥ ಕೂಟಗಳಲ್ಲಿ ಅದರಿಂದಲೇ ತಿಳಿಯುತ್ತದೆ.

ತಮ್ಮಲ್ಲಿ ನನ್ನದೊಂದು ವಿನಂತಿ. ಪತ್ರಿಕೆಗಳ ಪುರವಣಿಗಳಲ್ಲಿ ಬರುವ ಅಡುಗೆ ಅಂಕಣಗಳು ಸಾಮಗ್ರಿಯನ್ನೂ ಮಾಡುವ ವಿಧಾನವನ್ನೂ ಕೊಡುತ್ತವೆಯೇ ಹೊರತು, ಆ ಅಡುಗೆ ಎಷ್ಟು ಜನರಿಗೆ ಸಾಲುತ್ತದೆ, ಎಷ್ಟು ಹೊತ್ತು ಕೆಡದೆ ಇರುತ್ತದೆ, ಬೇರೆ ಮನೆಗೆ ಒಯ್ಯಲು ಬರುತ್ತದೆಯೇ ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ದಸರಾ ಸಮಯದಲ್ಲಿ ಮೈಸೂರಿನ ಮನೆಮನೆಯಲ್ಲೂ ನೆಂಟರು, ಸ್ನೇಹಿತರು ಸೇರುತ್ತಾರೆ. ಅದಕ್ಕೆ ಮುಂಚೆ ಪ್ರಕಟಿಸುವ ಅಡುಗೆಗಳ ಕೆಳಗಾದರೂ ಈ ಮೂರು ವಿವರಗಳನ್ನು ಸೇರಿಸುವ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಓದುಗ,
ಕುವೆಂಪುನಗರ, ಮೈಸೂರು