ಮಳೆಗಾಲದಲ್ಲಿ ಬಾ, ಆಮೇಲೆ ತೀರ್ಮಾನ ಮಾಡು

ಪ್ರೀತಿಯ ಗೆಳೆಯ,

ನಿನ್ನ ಪತ್ರ ಎರಡು ಸಲ ಓದಿದೆ. ಬೆಂಗಳೂರು ಬಿಡೋದು ಗಟ್ಟಿ, ಹೈದರಾಬಾದೋ ಪುಣೆಯೋ ಉಡುಪಿಯೋ ಅನ್ನೋದಷ್ಟೇ ಬಾಕಿ ಅಂತ ಬರೆದಿದ್ದೀಯ. ಡಿಸೆಂಬರ್‌ನಲ್ಲಿ ಉಡುಪಿಗೆ ಬಂದಾಗ ಮಲ್ಪೆ ಕಡಲತೀರದ ಮರಳಿನ ಮೇಲೆ ಕೂತು ನೀನು "ಇಲ್ಲೇ ಇದ್ದುಬಿಡೋಣ ಅನ್ನಿಸುತ್ತೆ ಕಣೋ" ಅಂದಿದ್ದೆ. ಆವತ್ತು ನನಗೆ ತುಂಬಾ ಖುಷಿಯಾಗಿತ್ತು. ಈಗ ಸ್ವಲ್ಪ ಹೆದರಿಕೆ ಆಗುತ್ತಿದೆ. ಯಾಕೆಂದರೆ ನಾನೂ ಡಿಸೆಂಬರ್ ನೋಡಿಯೇ ಈ ಊರನ್ನು ಒಪ್ಪಿಕೊಂಡವನು.

ಮಣಿಪಾಲದಲ್ಲಿ ಕೆಲಸ ಸಿಕ್ಕಾಗ ಬಾಡಿಗೆ ಮನೆ ಹುಡುಕಿದ್ದು ಅದೇ ತಿಂಗಳಲ್ಲಿ. ಮುಂದೆ ತೆಂಗಿನ ಮರ, ತಂಪು ಗಾಳಿ, ಬಾಡಿಗೆಯೂ ಕಡಿಮೆ. ಬೇರೇನೂ ಕೇಳಲಿಲ್ಲ. ಜೂನ್ ಎರಡನೇ ವಾರ ರಾತ್ರಿ ಎದ್ದು ನೋಡಿದರೆ ಅಡುಗೆಮನೆಯಲ್ಲಿ ಪಾದ ಮುಳುಗುವಷ್ಟು ನೀರು. ಗದ್ದೆಗೆ ಮಣ್ಣು ತುಂಬಿಸಿ ಕಟ್ಟಿದ ಮನೆ ಅದು ಅಂತ ಆಮೇಲೆ ಗೊತ್ತಾಯಿತು. ಮಳೆ ಬಂದಾಗ ನೀರು ತನ್ನ ಹಳೇ ಜಾಗಕ್ಕೆ ಬಂದಿತ್ತು, ಅಷ್ಟೇ. ಅಮ್ಮನನ್ನು ಮಂಚದ ಮೇಲೆ ಕೂರಿಸಿ ನಾನೂ ಹೆಂಡತಿಯೂ ಬೆಳಗಿನವರೆಗೆ ಬಕೆಟ್‌ನಲ್ಲಿ ನೀರು ಎತ್ತಿ ಹಾಕಿದೆವು. ಎರಡು ತಿಂಗಳಲ್ಲಿ ಗುಡ್ಡದ ಮೇಲಿನ ಈ ಮನೆಗೆ ಬಂದೆವು.

ಹಾಗಾಗಿ ಮಳೆ ನೋಡದೆ ಇಲ್ಲಿ ಮನೆ ಹಿಡಿಯಬೇಡ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಬೆಂಗಳೂರಿನ ನಾಲ್ಕು ಪಟ್ಟು, ಅದೂ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಕರೆಂಟ್ ಹೋದರೆ ಯಾವಾಗ ಬರುತ್ತದೆ ಹೇಳೋಕಾಗದು, ಮನೆಯಿಂದ ಕೆಲಸ ಮಾಡುವ ನಿನಗೆ ಇನ್ವರ್ಟರ್ ಬೇಕೇ ಬೇಕು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಬೆಂಗಳೂರಿನ ದಾರಿಯೇ ಬಂದ್. ನೀನು ಆವತ್ತು ನೋಡಿದ ಮಲ್ಪೆ ಬಂದರು ಕೂಡ ಆಗ ಹಾಗಿರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಎಲ್ಲ ದಡದಲ್ಲೇ ಸಾಲಾಗಿ ನಿಂತಿರುತ್ತವೆ.

ಇಷ್ಟು ಮಳೆ ಬರುವ ಊರಲ್ಲಿ ಮೇ ತಿಂಗಳಲ್ಲಿ ನೀರಿಗೆ ಪರದಾಡುತ್ತಾರೆ ಅಂದರೆ ನಂಬುತ್ತೀಯಾ? ನಗರಕ್ಕೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ನೀರು ಬರುತ್ತದೆ. ಅದರ ತಳ ಕಂಡ ಬೇಸಿಗೆಗಳೂ ಇವೆ. ಮನೆ ನೋಡುವಾಗ ಬಾವಿ ಇದೆಯಾ ಅಂತ ಕೇಳಿದರೆ ಸಾಲದು, ಏಪ್ರಿಲ್ ಕೊನೆಗೆ ಅದರಲ್ಲಿ ಎಷ್ಟು ನೀರು ಇರುತ್ತದೆ ಅಂತ ಪಕ್ಕದ ಮನೆಯವರನ್ನು ಕೇಳು. ಕಡಲಿಗೆ ಹತ್ತಿರವಾದರೆ ಆಗ ನೀರು ಉಪ್ಪಾಗುತ್ತದಾ ಅಂತಲೂ ಕೇಳು.

ಇವೆಲ್ಲ ಹೇಗೋ ಆಗುತ್ತದೆ. ನನಗೆ ನಿಜವಾಗಿ ಚಿಂತೆ ಇರುವುದು ನಿನ್ನ ಅಮ್ಮನ ಬಗ್ಗೆ. ನೀನು ಸಂಬಳ, ಶಾಲೆ, ಬಾಡಿಗೆ ಎಲ್ಲ ಬರೆದೆ. ಅವರು ಹಗಲೆಲ್ಲ ಯಾರ ಜೊತೆ ಮಾತಾಡುತ್ತಾರೆ ಅಂತ ಒಂದು ಸಾಲೂ ಇಲ್ಲ.

ನಮ್ಮಮ್ಮ ದಾವಣಗೆರೆಯಿಂದ ಬಂದ ಮೊದಲ ಆರು ತಿಂಗಳು ಕಿಟಕಿ ಪಕ್ಕವೇ ಕೂತಿರುತ್ತಿದ್ದಳು. ಕರ್ನಾಟಕದ ಒಳಗೇ ಇದ್ದೇವೆ, ಆದರೂ ಬೀದಿಯಲ್ಲಿ ಕಿವಿಗೆ ಬೀಳೋದು ತುಳು ಮತ್ತು ಕೊಂಕಣಿ. ನಮ್ಮ ಜೊತೆ ಚೆಂದವಾಗಿ ಕನ್ನಡ ಆಡುತ್ತಾರೆ. ಆದರೆ ಅದು ಅಮ್ಮನ ಕನ್ನಡ ಅಲ್ಲ. ಅವರ "ಎಂತ", "ಉಂಟು" ಇವಳಿಗೆ ಹೊಸದು, ಇವಳ "ಹೌದೇನ್ರೀ" ಅವರಿಗೆ ಹೊಸದು. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಜೋಳದ ಹಿಟ್ಟನ್ನು ನಾನು ಊರಿಂದ ಚೀಲದಲ್ಲಿ ಹೊತ್ತು ತರುತ್ತಿದ್ದೆ. ಒಂದು ದಿನ "ನನ್ನನ್ನು ವಾಪಸ್ ಬಿಟ್ಟು ಬಾ" ಅಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳನ್ನು ಕೇಳದೆ ಊರು ಬದಲಿಸಿದ್ದೆ ನೋಡು.

ಆಮೇಲೆ ಆಟಿ ಅನ್ನುವ ಇಲ್ಲಿನ ಮಳೆಗಾಲದ ತಿಂಗಳಲ್ಲಿ ಪಕ್ಕದ ಮನೆಯಾಕೆ ಒಂದು ಡಬ್ಬಿ ಪತ್ರೊಡೆ, ಅಂದರೆ ಕೆಸುವಿನ ಎಲೆಯ ತಿಂಡಿ ಕೊಟ್ಟರು. ಅಮ್ಮ ಆ ಡಬ್ಬಿಯಲ್ಲಿ ಒಗ್ಗರಣೆ ಮಂಡಕ್ಕಿ ತುಂಬಿ ಕಳಿಸಿದಳು. ಆ ಡಬ್ಬಿ ಇವತ್ತಿಗೂ ಎರಡು ಮನೆಗಳ ನಡುವೆ ಓಡಾಡುತ್ತಿದೆ. ಈಗ ಮಧ್ಯಾಹ್ನ ಬೇಲಿಯ ಆಚೆಯಿಂದ "ವನಸ್ ಆಂಡಾ?" ಅಂತ ಕೇಳುತ್ತಾರೆ, ಊಟ ಆಯ್ತಾ ಅಂತ. ಅಮ್ಮ "ಆಂಡ್" ಅನ್ನುತ್ತಾಳೆ. ಹೋದ ವರ್ಷ ರಾತ್ರಿ ಅವಳಿಗೆ ಉಸಿರಾಟ ಕಷ್ಟವಾದಾಗ ಕಾರು ತೆಗೆದದ್ದು ಆ ಮನೆಯವರೇ. ಮಣಿಪಾಲದ ಆಸ್ಪತ್ರೆಗೆ ಹದಿನೈದು ನಿಮಿಷದಲ್ಲಿ ಮುಟ್ಟಿದೆವು. ಹೈದರಾಬಾದಿನಲ್ಲೂ ದೊಡ್ಡ ಆಸ್ಪತ್ರೆಗಳಿವೆ. ಆದರೆ ನಿನ್ನ ಅಮ್ಮನಿಗೆ ಅಲ್ಲಿ ತೆಲುಗು ಬರಬೇಕಲ್ವಾ?

ಇನ್ನು ನಿನ್ನ ಮಗಳ ವಿಷಯ. ಅವಳ ಆರನೇ ಕ್ಲಾಸು ಈಗ ಮುಗಿಯಿತು. ಮುಂದೆ ಸಿಇಟಿಯಲ್ಲಿ ಸರ್ಕಾರಿ ಸೀಟು ಬೇಕಾದರೆ ಒಂದನೇ ಕ್ಲಾಸಿನಿಂದ ಸೆಕೆಂಡ್ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಸೆಕೆಂಡ್ ಪಿಯುಸಿ ಇಲ್ಲೇ ಪಾಸಾಗಿರಬೇಕು. ಇದು ಸಾಮಾನ್ಯ ನಿಯಮ. ಅಪ್ಪ ಅಮ್ಮನ ಓದನ್ನು ಲೆಕ್ಕ ಹಿಡಿಯುವ ಬೇರೆ ಕಲಂ ಕೂಡ ಇದೆ, ಅದನ್ನೂ ಓದು. ಏನೇ ಆಗಲಿ, ಏಳನೇ ಕ್ಲಾಸು ಬೆಂಗಳೂರಲ್ಲೇ ಮುಗಿಸಲಿ. ನಿನಗೂ ಯೋಚನೆ ಮಾಡಲು ಒಂದು ವರ್ಷ ಸಿಗುತ್ತದೆ. ಹೊರ ರಾಜ್ಯಕ್ಕೆ ಹೋದರೆ ಕಾರಿನದೂ ಒಂದು ಕೆಲಸ. 12 ತಿಂಗಳು ಮೀರಿ ಅಲ್ಲೇ ಇಟ್ಟುಕೊಂಡರೆ ಎನ್‌ಒಸಿ ತಗೊಂಡು ಅಲ್ಲಿ ಮತ್ತೆ ರಿಜಿಸ್ಟರ್ ಮಾಡಿಸಬೇಕು.

ಕೆಲಸದ ಬಗ್ಗೆ ಮಾತ್ರ ನಿನಗೆ ಸುಮ್ನೆ ಧೈರ್ಯ ಹೇಳಲಾರೆ. ನಾಳೆ ನಿಮ್ಮ ಕಂಪನಿ ಎಲ್ಲರೂ ಆಫೀಸಿಗೆ ಬನ್ನಿ ಅಂದರೆ ಉಡುಪಿಯಲ್ಲಿ ನಿನ್ನ ಕೆಲಸಕ್ಕೆ ಇನ್ನೊಂದು ಬಾಗಿಲು ಹುಡುಕೋದು ಕಷ್ಟ. ಮಂಗಳೂರಿನಲ್ಲಿ ಕೆಲವು ಕಂಪನಿಗಳಿವೆ, ದಿನಾ ಹೋಗಿಬರಲು ಇಲ್ಲಿಂದ ಒಂದೊಂದು ಕಡೆಗೂ ಐವತ್ತೈದು ಕಿಲೋಮೀಟರ್ ಮೇಲಾಗುತ್ತದೆ. ಹೈದರಾಬಾದಿನಲ್ಲಿ ಒಂದು ಹೋದರೆ ಇನ್ನೊಂದು ಸಿಗುತ್ತದೆ. ಈ ಒಂದು ವಿಷಯಕ್ಕೆ ನೀನು ಹೈದರಾಬಾದ್ ಆರಿಸಿದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಆದರೆ ಅದಕ್ಕೆ ಮೊದಲು ಜೂನ್ ಕೊನೆಯಲ್ಲಿ ಹದಿನೈದು ದಿನ ಅಮ್ಮನನ್ನು ಕರೆದುಕೊಂಡು ಬಾ. ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಬೆಳಿಗ್ಗೆ ಉಡುಪಿ. ಮಹಡಿ ಕೋಣೆ ಖಾಲಿ ಇದೆ, ಅಲ್ಲೇ ಕೂತು ಆಫೀಸ್ ಕೆಲಸ ಮಾಡು. ಶನಿವಾರ ಮಗಳನ್ನು ಕರೆದುಕೊಂಡು ಮನೆಯವರೂ ಬರಲಿ, ಅವರ ಕಣ್ಣಲ್ಲೂ ನೋಡಬೇಕಲ್ಲ. ಪ್ರವಾಸಕ್ಕೆ ಅಂತ ಎಲ್ಲೂ ಹೋಗೋದು ಬೇಡ. ಒದ್ದೆ ಕೊಡೆ ಹಿಡಿದು ಸಿಟಿ ಬಸ್ ಹತ್ತೋಣ, ತರಕಾರಿ ತರೋಣ, ಮನೆಗಳ ಅಂಗಳದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ನೋಡೋಣ.

ಬರುವಾಗ ಐದು ಕಿಲೋ ಜೋಳದ ಹಿಟ್ಟು ತಾ. ರೊಟ್ಟಿ ಬಡಿಯಲು ಜೊತೆಗೆ ಒಬ್ಬರು ಬರುತ್ತಾರೆ ಅಂತ ನಮ್ಮಮ್ಮ ಈಗಲೇ ದಿನ ಎಣಿಸುತ್ತಿದ್ದಾಳೆ.

ನಿನ್ನ,
ಉಡುಪಿಯ ಗೆಳೆಯ