ಮಂಡಿ ಆಪರೇಷನ್‌ಗೆ ಹೊರಟ ಗೆಳೆಯನಿಗೆ

ಪ್ರಿಯ ಶ್ರೀಧರ,

ಆಪರೇಷನ್‌ಗೆ ದಿನ ಗೊತ್ತಾಯಿತು ಅಂತ ನೀನು ಹೇಳಿದಾಗಿನಿಂದ ನಿನ್ನದೇ ಯೋಚನೆ. ಫೋನಿನಲ್ಲಿ ನೀನು ಕೇಳಿದ್ದೆಲ್ಲ ಡಾಕ್ಟರು, ಖರ್ಚು. ಇಂಪ್ಲಾಂಟ್, ಅಂದರೆ ಒಳಗೆ ಕೂರಿಸುವ ಕೃತಕ ಮಂಡಿಯ ಬೆಲೆಗೆ ಸರ್ಕಾರ 2017ರಲ್ಲೇ ಮಿತಿ ಹಾಕಿದೆ, ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ಬರೆಸಿಕೊ. ಆದರೆ ನಾನು ಹೇಳಬೇಕಾದದ್ದು ಮನೆಗೆ ಬಂದ ಮೇಲಿನ ಮಾತು. ಅರ್ಧ ಕೆಲಸ ಇರುವುದೇ ಅಲ್ಲಿ.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಹಳೇ ಬಿಲ್ಡಿಂಗ್‌ಗೆ ಲಿಫ್ಟ್ ಇಲ್ಲ, ನಿನಗೆ ಗೊತ್ತಲ್ಲ. ಮೂರನೇ ಮಹಡಿ. ನನ್ನ ಮಂಡಿ ಆಪರೇಷನ್ ಆಗಿ ಮನೆಗೆ ಬಂದ ದಿನ ಅಷ್ಟೂ ಮೆಟ್ಟಿಲು ಹತ್ತಬೇಕಿತ್ತು. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಅಂತ ಫಿಸಿಯೋ ಆಸ್ಪತ್ರೆಯಲ್ಲೇ ಕಲಿಸಿ ಕಳಿಸಿದ್ದರು. ನೆರೆಯವರು ಮಹಡಿಗೊಂದು ಪ್ಲಾಸ್ಟಿಕ್ ಕುರ್ಚಿ ಇಟ್ಟು ಕಾಯುತ್ತಿದ್ದರು. ಎರಡನೇ ಮಹಡಿಯ ಮರಾಠಿ ಅಜ್ಜಿ ಬಾಗಿಲಲ್ಲಿ ನಿಂತು 'ಸಾವಕಾಶ, ಸಾವಕಾಶ' ಅನ್ನುತ್ತಲೇ ಇದ್ದರು. ಆ ಋಣ ದೊಡ್ಡದು.

ಈಗ ಮುಖ್ಯ ವಿಷಯ. ರಾತ್ರಿ ಮಂಡಿ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ. ಇಡಬೇಡ ಮಾರಾಯ. ಮಂಡಿ ಬಾಗಿದಂತೆಯೇ ಗಟ್ಟಿಯಾಗಿಬಿಟ್ಟರೆ ಆಮೇಲೆ ನೇರ ಮಾಡುವುದು ಬಹಳ ಕಷ್ಟ, ಕುಂಟುತ್ತಲೇ ನಡೆಯಬೇಕಾಗುತ್ತದೆ. ಬೇಕಿದ್ದರೆ ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆ ಬಿಗಿದು, ಮಂಡಿಯನ್ನು ಕೆಳಕ್ಕೆ ಒತ್ತು. ಟವೆಲ್ ತೆಗೆದ ಮೇಲೆ ಮಂಡಿ ಹಾಸಿಗೆಗೆ ತಾಗುತ್ತದಾ ಅಂತ ನನ್ನ ಹೆಂಡತಿ ದಿನಾ ಅಂಗೈ ತೂರಿಸಿ ನೋಡುತ್ತಿದ್ದಳು. ಮೊದಮೊದಲು ಕೈ ಸಲೀಸಾಗಿ ಒಳಗೆ ಹೋಗುತ್ತಿತ್ತು. ಬರಬರುತ್ತಾ ಬೆರಳೂ ಹೋಗದಂತಾಯಿತು. ಅವತ್ತು ಅವಳಿಗಾದ ಸಂತೋಷ ನೋಡಬೇಕಿತ್ತು!

ಬಗ್ಗಿಸುವುದೂ ಅಷ್ಟೇ ಮುಖ್ಯ. ಕುರ್ಚಿಯಲ್ಲಿ ಸರಿಯಾಗಿ ಕೂರೋಕೆ ಸುಮಾರು 90 ಡಿಗ್ರಿ ಬೇಕು, ಮೆಟ್ಟಿಲಿಳಿಯೋಕೆ ಇನ್ನೂ ಜಾಸ್ತಿ. ಹಾಸಿಗೆ ಮೇಲೆ ಹಿಮ್ಮಡಿಯನ್ನು ನಿನ್ನ ಕಡೆಗೆ ಜಾರಿಸುತ್ತಾ ಮಂಡಿ ಬಗ್ಗಿಸು, ಹಿಮ್ಮಡಿ ಕೆಳಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಅದು ಸುಲಭವಾಗಿ ಜಾರುತ್ತದೆ. ನೋವು ಆಗೇ ಆಗುತ್ತದೆ. ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ನುಂಗು, ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ 15-20 ನಿಮಿಷ ಇಡು. ಸುಮ್ನೆ ಹಲ್ಲು ಕಚ್ಚಿಕೊಂಡು ತಡೆಯುವುದರಲ್ಲಿ ಯಾವ ದೊಡ್ಡತನವೂ ಇಲ್ಲ.

ನಿದ್ದೆ ಮಾತ್ರ ಕೈಕೊಡುತ್ತದೆ. ಬೆಳಗಿನ ಮೊದಲ ಲೋಕಲ್ ಸದ್ದು ಕೇಳುವವರೆಗೂ ಕಣ್ಣು ಬಿಟ್ಟುಕೊಂಡೇ ಇದ್ದ ರಾತ್ರಿಗಳಿವೆ. ಅದು ಕ್ರಮೇಣ ಸರಿಹೋಗುತ್ತದೆ, ಹೆದರಬೇಡ. ಮಂಡಿಯ ಊತ, ಬಿಸಿ ತಿಂಗಳುಗಟ್ಟಲೆ ಇರಬಹುದು. ಗಾಯದ ಹೊರಬದಿಯ ಚರ್ಮ ಜೋಮು ಹಿಡಿದಂತಿರುತ್ತದೆ, ಅದೂ ಸಹಜವೇ. ಆದರೆ ಮೀನಖಂಡ ಊದಿ ನೋಯತೊಡಗಿದರೆ, ಜ್ವರ ಬಂದರೆ, ಗಾಯ ಸೋರಿದರೆ ಬೆಳಗಾಗಲಿ ಅಂತ ಕಾಯಬೇಡ, ಕೂಡಲೇ ಡಾಕ್ಟರಿಗೆ ಫೋನ್ ಮಾಡು. ಏದುಸಿರು ಬಂದರಂತೂ ನೇರ ಆಸ್ಪತ್ರೆಗೆ ಹೋಗು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಒಂದು ಹೊತ್ತೂ ತಪ್ಪಬಾರದು.

ನಿಮ್ಮ ಧಾರವಾಡದ ಮನೆಯ ಬಚ್ಚಲಿಗೆ ಒಂದು ಮೆಟ್ಟಿಲಿಳಿಯಬೇಕು, ಅಲ್ವಾ? ಅಲ್ಲಿ ಗೋಡೆಗೆ ಹಿಡಿಕೆ ಹಾಕಿಸು. ಕುಕ್ಕರಗಾಲಲ್ಲಿ ಕೂರುವ ಸಂಡಾಸು ಇನ್ನು ಬೇಡ, ಕಮೋಡ್ ಈಗಲೇ ಕೂರಿಸು. ನಡುಮನೆಯ ಜಮಖಾನೆ ಎತ್ತಿಡು, ವಾಕರ್ ಅದಕ್ಕೇ ಸಿಕ್ಕಿಕೊಳ್ಳುವುದು.

ನೀನು ಮನೆಗೆ ಬಂದ ವಾರವೇ ನಾನೂ ಬರುತ್ತೇನೆ. ನಿನ್ನ ಪಕ್ಕ ಕೂತು ವ್ಯಾಯಾಮ ಮಾಡಿಸುತ್ತೇನೆ, ಬೈದರೂ ಬಿಡುವುದಿಲ್ಲ. ರೈಲಿನಲ್ಲಿ ಕೆಳಗಿನ ಬರ್ತ್ ಸಿಗಬೇಕು, ಡಿಸ್ಚಾರ್ಜ್ ತಾರೀಖು ಗೊತ್ತಾದ ಕೂಡಲೇ ತಿಳಿಸು.

ನಿನ್ನ,
ವಸಂತ